ಬಿಯರ್ ಸೀಸೆಯ ಕಂದು: ಮೊದಲು ಬಣ್ಣ, ಆಮೇಲೆ ಕಾರಣ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳೆಯ ಕುಡಿತಗಳಿಗೆ ಬೆಳಕಿನ ಭಯವಿರಲಿಲ್ಲ. ಈಚಲ ಹೆಂಡವನ್ನು ಯಾವ ಮಡಕೆಯಲ್ಲಿಟ್ಟರೂ ಅದು ಕೆಡುವುದು ಹುಳಿಯೇರಿ, ಅದೂ ಒಂದೆರಡು ದಿನದೊಳಗೆ. 2007ರ ಜುಲೈ 1ರಂದು ನಿಷೇಧವಾದ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲೇ ಮಾರಾಟವಾಗುತ್ತಿತ್ತು. ಬಿಸಿಲಿಗೆ ಹೆದರುವುದು ಬಿಯರ್. ಅದಕ್ಕೆ ಕಾರಣ ನಮ್ಮ ನೆಲದ್ದಲ್ಲದ ಹಾಪ್ಸ್ ಎಂಬ ಕಹಿ ಹೂವು.

ಹಾಪ್ಸ್ ಕುದಿದಾಗ ಐಸೊ-ಆಲ್ಫಾ ಆಮ್ಲಗಳು ಹುಟ್ಟುತ್ತವೆ. ಬಿಯರಿನ ಕಹಿ ಅವುಗಳದು. ಬಿಯರಿನಲ್ಲಿರುವ ರೈಬೊಫ್ಲೇವಿನ್ ನೀಲಿ ಬೆಳಕನ್ನು ಹೀರಿ ಈ ಆಮ್ಲಗಳನ್ನು ಒಡೆಯುತ್ತದೆ. ಒಡೆದ ತುಣುಕಿಗೆ ಗಂಧಕ ಸೇರಿ ಎಂಬಿಟಿ ಎಂಬ ಥಯೋಲ್ ಆಗುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ನಾತ ಹೊಡೆಯುತ್ತದೆ. ಬಿಸಿಲಲ್ಲಿಟ್ಟ ಬಿಳಿ ಸೀಸೆಗೆ ಕೆಲವು ನಿಮಿಷ ಸಾಕು. ಕಬ್ಬಿಣ, ಗಂಧಕ, ಇಂಗಾಲ ಬೆರೆಸಿ ಕರಗಿಸಿದ ಕಂದು ಗಾಜು ಈ ನೀಲಿಯನ್ನು ಬಹುಪಾಲು ತಡೆಯುತ್ತದೆ. ಹಸಿರು ಗಾಜು ಅಷ್ಟಾಗಿ ತಡೆಯದು. ಆದರೂ ಹೈನೆಕೆನ್ ಹಸಿರನ್ನು ಬಿಟ್ಟಿಲ್ಲ, ಅದು ಮಾರುಕಟ್ಟೆಯ ಮಾತು.

ಹಾಗೆಂದು ಕಂದು ಬಣ್ಣ ಈ ರಸಾಯನವನ್ನು ಅರಿತು ಬಂದದ್ದಲ್ಲ. 1615ರಲ್ಲಿ ಇಂಗ್ಲೆಂಡಿನ ಅರಸ ಗಾಜಿನ ಕುಲುಮೆಗಳಿಗೆ ಸೌದೆ ಬಳಸುವುದನ್ನು ನಿಷೇಧಿಸಿದ. ಅಲ್ಲಿಂದ ಕಲ್ಲಿದ್ದಲ ಬೆಂಕಿಯಲ್ಲಿ ಕರಗಿದ ಗಾಜು ಗಟ್ಟಿಯಾಗಿಯೂ ಕಪ್ಪಾಗಿಯೂ ಬಂತು. ಬೆಳಕಿನಿಂದ ಬಿಯರ್ ಕೆಡುವುದನ್ನು ಜರ್ಮನಿಯ ಕಾರ್ಲ್ ಲಿಂಟ್ನರ್ ದಾಖಲಿಸಿದ್ದು 1875ರಲ್ಲಿ. ಅಣುಮಟ್ಟದ ವಿವರಣೆ ಪಕ್ಕಾ ಆಗಲು ನಮ್ಮ ಶತಮಾನವೇ ಬರಬೇಕಾಯಿತು. ಬಣ್ಣದ ಹಿಂದಿನ ಕಾರಣವನ್ನು ಹುಡುಕುವವರು ಈ ಅಂತರವನ್ನು ಮರೆಯಬಾರದು.

ನಮ್ಮ ಸೀಮೆಗೆ ಬಿಯರ್ ಹತ್ತಿರ ಬಂದದ್ದು ನೀಲಗಿರಿಯ ಕಡೆಯಿಂದ. ಅಲ್ಲಿ ಕ್ಯಾಸಲ್ ಬ್ರೂವರಿ ಆರಂಭವಾದದ್ದು 1857ರಲ್ಲಿ. ಆಗ ನೀಲಗಿರಿಯೂ ಕೊಳ್ಳೇಗಾಲವೂ ಮದರಾಸು ಪ್ರಾಂತ್ಯದ ಒಂದೇ ಕೊಯಮತ್ತೂರು ಜಿಲ್ಲೆಯೊಳಗಿದ್ದವು! 1868ರಲ್ಲಿ ನೀಲಗಿರಿ ಬೇರೆಯಾಯಿತು. ದಿವಾನ್ ಪೂರ್ಣಯ್ಯನವರ ಜಹಗೀರಾದ ಯಳಂದೂರು ಮಾತ್ರ ಮೈಸೂರಿನದು. ಬ್ರಿಟಿಷ್ ಸೈನಿಕರ ಬಿಯರ್ ಬಹುಪಾಲು ಮರದ ಪೀಪಾಯಿಯಲ್ಲಿ ಸಾಗುತ್ತಿದ್ದುದರಿಂದ ಬೆಳಕಿನ ಪ್ರಶ್ನೆಯೇ ಏಳಲಿಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ಕ್ಯಾಸಲ್ ಸೇರಿದಂತೆ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1948ರ ಹೊತ್ತಿಗೆ ಮದರಾಸಿನ ಪಾನನಿಷೇಧ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು, ಕೊಳ್ಳೇಗಾಲವೂ ಅದರೊಳಗೇ. 1956ರಲ್ಲಿ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು.

ಈಗ ಯುನೈಟೆಡ್ ಬ್ರೂವರೀಸ್ ಕಂಪನಿಯ ಕಾರ್ಖಾನೆ ಪಕ್ಕದ ನಂಜನಗೂಡಿನಲ್ಲೇ ಇದೆ. ಕಂದು ಬಣ್ಣ ಉಳಿದಿರುವುದಕ್ಕೆ ರಸಾಯನವೊಂದೇ ಸಾಕಾಗದು ಎಂಬುದು ನನ್ನ ಅಭಿಪ್ರಾಯ. ಬೆಳಕಿಗೆ ಒಡೆಯದಂತೆ ಮಾರ್ಪಡಿಸಿದ ಹಾಪ್ಸ್ ಸತ್ವ ಬಳಸಿದರೆ ಬಿಳಿ ಸೀಸೆಯಲ್ಲೂ ಬಿಯರ್ ತುಂಬಬಹುದು. ಅಮೆರಿಕದ ಮಿಲ್ಲರ್ ಹಾಗೆಯೇ ಮಾಡಿದೆ. ಆದರೆ ಇಲ್ಲಿ 650 ಮಿಲಿ ಲೀಟರಿನ ಕಂದು ಸೀಸೆ ಗುಜರಿಯವರ ಕೈದಾಟಿ, ತೊಳೆಸಿಕೊಂಡು, ಮತ್ತೆ ತುಂಬಿಸಿಕೊಳ್ಳುತ್ತದೆ. ಬಣ್ಣ ಬದಲಾದರೆ ಈ ಚಲಾವಣೆಯೇ ಕಡಿದುಹೋಗುತ್ತದೆ.