ಆಘಾತ ಕಂಡ ಮಗು ‘ನಾಲ್ಕು ದಿನದಲ್ಲಿ ಮರೆತುಬಿಡುತ್ತೆ’: ಇದು ನಿಜವೇ?

“ಚಿಕ್ಕ ಮಗು, ಅದಕ್ಕೇನು ಗೊತ್ತಾಗುತ್ತೆ? ನಾಲ್ಕು ದಿನ ಕಳೆದರೆ ಮರೆತುಬಿಡುತ್ತೆ. ಅದರ ಮುಂದೆ ಆ ವಿಷಯ ಎತ್ತಬೇಡಿ.” ಸಾವಿನ ಮನೆಯಲ್ಲಿ, ಅಪಘಾತವಾದ ಮೇಲೆ ಈ ಮಾತು ಹೇಳದವರಿಲ್ಲ.

ಇದು ನಿಜವಲ್ಲ. ಮಗು ಸುಮ್ಮನಿದೆ ಎಂದರೆ ಮರೆತಿದೆ ಎಂದಲ್ಲ. ಎಷ್ಟೋ ಸಲ ಅದಕ್ಕೆ ಹೇಳಲು ಮಾತು ಸಿಕ್ಕಿರುವುದಿಲ್ಲ, ಇಲ್ಲವೇ ಕೇಳಿದರೆ ಅಮ್ಮ ಅಳುತ್ತಾಳೆ ಎಂಬ ಭಯವಿರುತ್ತದೆ.

2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಗೊಂಡು 6 ಮಂದಿ ಸತ್ತರು. 2023ರ ಅಕ್ಟೋಬರ್‌ನಲ್ಲಿ ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಕಾರು ಗುದ್ದಿ 13 ಮಂದಿ ತೀರಿಕೊಂಡರು. ಇಂಥ ದುರಂತಗಳಲ್ಲಿ ಸತ್ತವರ ಲೆಕ್ಕ ಸಿಗುತ್ತದೆ, ಹೆದರಿದ ಮಕ್ಕಳ ಲೆಕ್ಕ ಯಾರೂ ಇಡುವುದಿಲ್ಲ. ಮನೆಯೊಳಗಿನ ಹೊಡೆತ, ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹ, ದುಡಿಮೆಗೆ ತಳ್ಳುವುದು ಕೂಡ ಆಘಾತವೇ.

ಗುರುತಿಸುವುದು ಹೇಗೆ?

ಸಣ್ಣ ಮಕ್ಕಳು ಸೆರಗು ಬಿಡುವುದಿಲ್ಲ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುತ್ತದೆ. ರಾತ್ರಿ ಕಿರುಚಿ ಏಳುತ್ತಾರೆ, ನಡೆದದ್ದನ್ನೇ ಮತ್ತೆ ಮತ್ತೆ ಆಟವಾಗಿ ಆಡುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಗೆ ಹೊಟ್ಟೆನೋವು, ತಲೆನೋವು ಬರುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಹದಿಹರೆಯದವರು ಸಿಡುಕುತ್ತಾರೆ, ಒಂಟಿಯಾಗುತ್ತಾರೆ. ಇದನ್ನು ‘ಹಟ’, ‘ಸೋಮಾರಿತನ’, ‘ಗಾಳಿ ಸೋಕಿದೆ’ ಎಂದುಕೊಳ್ಳುವವರೇ ಹೆಚ್ಚು. ತಾಯಿತ ಕಟ್ಟಿಸಿದರೆ ಮನೆಯವರಿಗೆ ಸಮಾಧಾನವಾಗಬಹುದು, ಆದರೆ ಮಗುವಿನ ಭಯಕ್ಕೆ ಅದು ಚಿಕಿತ್ಸೆಯಲ್ಲ.

ಹಾಗಾದರೆ ಎಲ್ಲವನ್ನೂ ಬಾಯಿ ಬಿಡಿಸಬೇಕೇ?

ಬೇಡ. ಇದು ಇನ್ನೊಂದು ತಪ್ಪು. ಘಟನೆಯ ಬೆನ್ನಲ್ಲೇ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಮೊದಲ ತಿಂಗಳಲ್ಲಿ ಆಘಾತದ ಭಯಕ್ಕೆಂದು ಮಕ್ಕಳಿಗೆ ಬೆಂಜೊಡಯಾಜಪೈನ್ ಗುಂಪಿನ ನಿದ್ದೆ ಮಾತ್ರೆ ಕೊಡಬಾರದು ಎಂದೂ ಅದು 2013ರ ಮಾರ್ಗಸೂಚಿಯಲ್ಲಿ ಹೇಳಿದೆ.

ಮಾಡಬೇಕಾದದ್ದು ಸರಳ:

• ಮಗು ಕೇಳಿದಾಗ ನಿಜ ಹೇಳಿ. “ಅಪ್ಪ ಊರಿಗೆ ಹೋಗಿದ್ದಾರೆ” ಎಂದರೆ ಮಗು ದಿನವೂ ಬಾಗಿಲು ಕಾಯುತ್ತದೆ.
• “ನಿನ್ನ ತಪ್ಪಿಲ್ಲ” ಎಂದು ಮತ್ತೆ ಮತ್ತೆ ಹೇಳಿ.
• ಊಟ, ನಿದ್ದೆ, ಶಾಲೆ, ಆಟ ಆದಷ್ಟೂ ಹಳೆಯ ಹೊತ್ತಿಗೇ ನಡೆಯಲಿ.
• ಮನೆಮಾತಿನಲ್ಲೇ ಮಾತಾಡಿಸಿ. ಚಿಂತಾಮಣಿ, ಗೌರಿಬಿದನೂರು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಿಡ್ಲಘಟ್ಟದಲ್ಲಿ ಉರ್ದು ಮನೆಗಳೂ ಇವೆ. ಭಯ ಮೊದಲು ಹೊರಬರುವುದು ಆ ಮಾತಿನಲ್ಲೇ.
• ಹೇಳಲಾಗದಿದ್ದರೆ ಚಿತ್ರ ಬಿಡಿಸಲಿ, ಆಡಲಿ. ಜೊತೆಗಿರಿ.

ಜೊತೆಗೆ ನಿಲ್ಲುವ ದೊಡ್ಡವರಿದ್ದರೆ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳಾದರೂ ಲಕ್ಷಣ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ತೋರಿಸಿ. ‘ಸಾಯಬೇಕು’ ಎಂದರೆ, ತನಗೆ ತಾನೇ ಗಾಯ ಮಾಡಿಕೊಂಡರೆ ಒಂದು ದಿನವೂ ಕಾಯಬೇಡಿ.

ಸಹಾಯ ಎಲ್ಲಿ?

1098 ಮಕ್ಕಳ ಸಹಾಯವಾಣಿ. 14416 ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡಬಹುದು. ಎರಡೂ ಉಚಿತ, ದಿನದ 24 ಗಂಟೆಯೂ ಇರುತ್ತವೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ.

ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಡಿ ಕಡ್ಡಾಯ. ಹೇಳಿಕೆ ಪಡೆಯಲು ಮಗುವನ್ನು ಠಾಣೆಗೆ ಎಳೆದೊಯ್ಯಬೇಕಿಲ್ಲ, ಮನೆಯಲ್ಲೇ ಪಡೆಯಬಹುದು. ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ. ಪ್ರಕರಣ ಮುಗಿಯುವವರೆಗೆ ಮಗುವಿನ ಜೊತೆಗಿರಲು ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸಬಹುದು.

ಫಾರ್ವರ್ಡ್ ಮಾಡುವ ಮುನ್ನ

‘ನ್ಯಾಯ ಸಿಗಲಿ’ ಎಂದು ಮಗುವಿನ ಫೋಟೊ, ವಿಡಿಯೊ, ಹೆಸರು, ಶಾಲೆ ಹಂಚುವವರು ಒಳ್ಳೆಯ ಮನಸ್ಸಿನಿಂದಲೇ ಹಂಚುತ್ತಾರೆ. ಆದರೆ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಯಲು ಮಾಡುವುದು ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳಡಿ ಅಪರಾಧ, ಜೈಲು ಶಿಕ್ಷೆಯೂ ಆಗಬಹುದು. ಅದೇ ವಿಡಿಯೊ ನಾಳೆ ಆ ಮಗುವಿನ ಸಹಪಾಠಿಯ ಮೊಬೈಲಿಗೂ ಬರುತ್ತದೆ. ಅದನ್ನು ಅಳಿಸಿ, 1098 ಸಂಖ್ಯೆಯನ್ನು ಹಂಚಿ.