ತಂಬೂರಿಯ ದಡಿ

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯ ನೇಕಾರರ ಓಣಿಯ ಪಕ್ಕದಲ್ಲಿ. ಮಗ್ಗದ ಸಪ್ಪಳ ಕೇಳುತ್ತಲೇ ಶಾಲೆಗೆ ಹೋದವಳು. ಸೀರೆ ಕೊಳ್ಳುವಾಗ ನಮ್ಮ ಅವ್ವ ಮೊದಲು ಬೆರಳಾಡಿಸಿ ನೋಡುತ್ತಿದ್ದುದು ದಡಿಯನ್ನು. "ದಡಿ ಗಟ್ಟಿ ಇದ್ರ ಸೀರಿ ಬಾಳಿಕಿ ಬರತೈತಿ" ಎನ್ನುತ್ತಿದ್ದಳು. ಈ ಮಾತು ತಂಬೂರಿಗೂ ಸಲ್ಲುತ್ತದೆ ಎಂದು ತಿಳಿಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ತಿಳಿದದ್ದೂ ಒಂದು ತಪ್ಪು ಮಾಡಿದ ಮೇಲೆ.

ತಂಬೂರಿ ಅವ್ವನ ತವರಿನದು. ನನ್ನ ತಾಯಿಯ ತಂದೆ ಲಕ್ಷ್ಮೇಶ್ವರದ ಕಚೇರಿಯಲ್ಲಿ ಕಾರಕೂನರಾಗಿದ್ದರು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ನೆರೆಯ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ. ಗದಗ, ಮುಂಡರಗಿ ಮಾತ್ರ ನೇರ ಇಂಗ್ಲಿಷರ ಕೈಯಲ್ಲಿದ್ದವು. ಒಂದೇ ದಿನದ ಚಕ್ಕಡಿ ಹಾದಿಯಲ್ಲಿ ಮೂರು ಸರಕಾರ! 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಹೀಗೇ ಇತ್ತು. ಅಜ್ಜ ಸರಕಾರಿ ಕಾಗದಪತ್ರ ಹೊತ್ತು ಮಿರಜಿಗೆ ಹೋಗಿ ಬರುತ್ತಿದ್ದರು. ಹಾಗೆ ಹೋದಾಗಲೊಮ್ಮೆ ತಂಬೂರಿ ತಂದರು. ರೈಲಿನಲ್ಲಿ ಇಡೀ ರಾತ್ರಿ ತೊಡೆಯ ಮೇಲಿಟ್ಟುಕೊಂಡು, ಯಲವಿಗಿ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಹುಲ್ಲು ಹಾಸಿ ಊರಿಗೆ ತಂದರಂತೆ. ಅದರ ಅಂಚಿನ ಬಿಳಿ ಪಟ್ಟಿಯನ್ನು ತೋರಿಸಿ "ಇದು ಆನಿ ದಂತ" ಎಂದು ಹೇಳಿದ್ದರಂತೆ. ಅವ್ವ ಅದನ್ನು ಎಂಬತ್ತು ವರ್ಷ ನಂಬಿಕೊಂಡೇ ಬಂದಳು.

ಮಿರಜಿನವರು ತಂಬೂರಿ ಮಾಡಲು ತೊಡಗಿದ ಕಥೆ ಸೊಗಸಾಗಿದೆ. ಮೊದಲು ಮಾಡಿದವರು ಬಡಗಿಗಳಲ್ಲ, ಶಿಕಲಗಾರರು. ಕತ್ತಿ, ಭರ್ಚಿಗೆ ಸಾಣೆ ಹಿಡಿಯುವವರು. ಮರಾಠರ ಕಾಲ ಮುಗಿದು, ಇಂಗ್ಲಿಷರ ಆಳಿಕೆ ಬೇರೂರಿದಂತೆ ಕತ್ತಿ ಕೇಳುವವರು ಕಡಿಮೆಯಾದರು. ಸುಮಾರು 1850ರ ಹೊತ್ತಿಗೆ ಫರೀದಸಾಹೇಬರೆಂಬ ಶಿಕಲಗಾರರು ವಾದ್ಯಗಳ ರಿಪೇರಿಗೆ ಕೈಹಾಕಿ, ಮುಂದೆ ಹೊಸ ವಾದ್ಯಗಳನ್ನೇ ಮಾಡತೊಡಗಿದರು. ಪಟವರ್ಧನ ಸಂಸ್ಥಾನಿಕರಿಗೆ ಸಂಗೀತದ ಒಲವಿತ್ತು, ಆಶ್ರಯ ಸಿಕ್ಕಿತು. 1857ರಲ್ಲಿ ಇಂಗ್ಲಿಷರು ಜನರ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಕಾಯದೆ ತಂದಾಗ ಹಲಗಲಿಯ ಬೇಡರು ತಿರುಗಿಬಿದ್ದರು. 1858ರಲ್ಲಿ ನಮ್ಮ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಿ ಸತ್ತ. ನಮ್ಮ ಕಡೆ ಕತ್ತಿಗಾಗಿ ಜೀವ ಕೊಡುತ್ತಿದ್ದ ಆ ದಿನಗಳಲ್ಲೇ, ಮಿರಜಿನಲ್ಲಿ ಕತ್ತಿಯ ಸಾಣೆಗಾರರು ಅದೇ ಕೈಯಿಂದ ತಂಬೂರಿ ಕೆತ್ತುತ್ತಿದ್ದರು. ಸಣ್ಣ ಉಳಿಯ ಬಾಯಿ ಹೇಗೆ ಹರಿತವಾಗಿರಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅಬ್ದುಲ್ ಕರೀಮಖಾನರು ಮಿರಜಿನಲ್ಲಿ ನೆಲೆನಿಂತರು. 1937ರಲ್ಲಿ ತೀರಿಕೊಂಡ ಅವರ ಗೋರಿ ಅಲ್ಲಿನ ದರ್ಗಾದಲ್ಲಿದೆ. ಮಲ್ಲಿಕಾರ್ಜುನ ಮನಸೂರರು ಮಿರಜಿನ ನೀಲಕಂಠಬುವಾ ಅವರ ಬಳಿ ಕಲಿತರು. ಇತ್ತ ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು, ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳ ಕೈಗೆ ತಂಬೂರಿ ಕೊಟ್ಟರು. ಆಶ್ರಮದ ಮುಂದೆ ಹಾಯುವಾಗಲೆಲ್ಲ ಅವ್ವ ಹೆಜ್ಜೆ ನಿಧಾನ ಮಾಡುತ್ತಿದ್ದಳು. ಅವಳೂ ತವರಿನಲ್ಲಿ ಹಾಡುತ್ತಿದ್ದವಳು. ಲಗ್ನವಾದ ಮೇಲೆ "ಮರ್ಯಾದಸ್ಥರ ಮನಿ ಸೊಸಿ ತಂಬೂರಿ ಮೀಟತಾಳೇನು?" ಎಂದರಂತೆ ನಮ್ಮ ಅಜ್ಜಿ. ತಂಬೂರಿ ಗವಸು ಹೊದ್ದು ಅಟ್ಟ ಸೇರಿತು.

ಕೆಲವು ವರ್ಷಗಳ ಹಿಂದೆ ಮನೆ ದುರಸ್ತಿ ಮಾಡಿಸುವಾಗ ಅದನ್ನು ಕೆಳಗಿಳಿಸಿದೆ. ಸೋರೆಬುರುಡೆಯ ಬಾಯಿ ಮುಚ್ಚುವ ತೆಳು ಹಲಗೆಗೆ ತಬಲಿ ಎನ್ನುತ್ತಾರೆ. ಅದರ ಸುತ್ತಲಿನ ಬಿಳಿ ಪಟ್ಟಿ ಅಲ್ಲಲ್ಲಿ ಎದ್ದಿತ್ತು. ಅವ್ವನಿಗೆ ಹೇಳದೆ ಸರಿಮಾಡಿಸಿ ಅಚ್ಚರಿಪಡಿಸಬೇಕೆಂದು ಊರಿನ ಒಬ್ಬ ಬಡಗಿಗೆ ಕೊಟ್ಟೆ. ಬಾಗಿಲು, ಕಪಾಟು ಚೆನ್ನಾಗಿ ಮಾಡುವವನು. ಪಟ್ಟಿ ಕೂರುವ ಹಳ್ಳವನ್ನು ಹೊಸದಾಗಿ ತೆಗೆಯಬೇಕೆಂದು ಕರೆಂಟಿನ ರೌಟರ್ ಮಶೀನು ಹಚ್ಚಿದ. ಐದೇ ನಿಮಿಷದ ಕೆಲಸ. ಮನೆಗೆ ತಂದು ನೋಡಿದರೆ ಹಳ್ಳ ಒಂದು ಕಡೆ ಆಳ, ಒಂದು ಕಡೆ ಮೇಲೆ. ಒಂದೆಡೆ ಹೆಬ್ಬೆರಳಗಲ ಅಂಚು ಚಕ್ಕೆ ಎದ್ದು ಹೋಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಂಬೂರಿಯನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಮಿರಜಿನ ರೈಲು ಹತ್ತಿದೆ. ಅಲ್ಲಿನ ಒಬ್ಬ ಹಿರಿಯ ಕಾರೀಗರರು ಅದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡರು. ನಾನು ಮಶೀನಿನ ಮೇಲೆ ಸಿಟ್ಟಾಗಿ ಮಾತಾಡಿದೆ.

"ಮಶೀನಿಂದು ತಪ್ಪಲ್ಲ ತಾಯಿ, ಅದರ ಜಾಗಾ ಬ್ಯಾರೆ," ಎಂದರು. "ಮಶೀನಿಗೆ ಒಂದು ಸಣ್ಣ ಗಾಲಿ ಇರತೈತಿ. ಅದು ಪಕ್ಕದ ಗೋಡಿ ಹಿಡಕೊಂಡು ಓಡತೈತಿ. ಬಾಗಿಲಿನ ಪಕ್ಕಾ ಸೀದಾ ಇರತೈತಿ, ಓಡಲಿ. ಈ ಬುರುಡಿ ಬಳ್ಳಿಯೊಳಗ ಬೆಳದದ್ದು. ಇದಕ್ಕ ಸೀದಾ ಅನ್ನೋದು ಎಲ್ಲಿ ಐತಿ?"

ಅವರು ಹೇಳಿದ್ದು ನನಗೆ ಅರ್ಥವಾಯಿತು. ಬುರುಡೆಯ ಉಬ್ಬು ತಗ್ಗನ್ನೆಲ್ಲ ಮಶೀನು ಹಳ್ಳದಲ್ಲಿ ನಕಲು ಮಾಡುತ್ತದೆ. ತಬಲಿಯೂ ಸಪಾಟಲ್ಲ, ನಡುವೆ ಉಬ್ಬಿದೆ. ಅದರ ಮೇಲೆ ಕೂತ ಮಶೀನು ಓರೆಯಾಗಿ ಕೊರೆಯುತ್ತದೆ. ಅವರು ಮಾಡುವ ರೀತಿ ಬೇರೆ. ಗೆರೆ ಎಳೆಯುವ ಉಪಕರಣಕ್ಕೆ ಚೂಪು ಅಲಗು ಸಿಕ್ಕಿಸಿ, ಪಟ್ಟಿಯ ಅಗಲಕ್ಕೆ ಮೇಲೊಂದು, ದಪ್ಪಕ್ಕೆ ಪಕ್ಕದಲ್ಲೊಂದು ಗೆರೆ ಕೊರೆಯುತ್ತಾರೆ. ಗೆರೆ ಮರದ ಎಳೆಯನ್ನು ಮೊದಲೇ ಕತ್ತರಿಸಿರುತ್ತದೆ, ಹಾಗಾಗಿ ಚಕ್ಕೆ ಆಚೆ ಸೀಳುವುದಿಲ್ಲ. ಆಮೇಲೆ ಸಣ್ಣ ಉಳಿ. ತಬಲಿ ದುಂಡಗಿರುವುದರಿಂದ ಒಂದು ಸುತ್ತಿನಲ್ಲಿ ಎಳೆಯ ದಿಕ್ಕು ನಾಲ್ಕು ಸಲ ಬದಲಾಗುತ್ತದೆ, ನಾಲ್ಕು ಸಲವೂ ಉಳಿಯನ್ನು ತಿರುಗಿಸಬೇಕು. ಕಡೆಗೆ ಅರ. ತಬಲಿಯ ಕತ್ತರಿಸಿದ ಅಂಚು ತೇವ ಕುಡಿಯುತ್ತದೆ, ತಾಗಿದರೆ ಒಡೆಯುತ್ತದೆ. ಅದಕ್ಕೇ ಈ ದಡಿ.

ಗಿಟಾರಿನವರಿಗೂ ಇದೇ ಪಾಡು ಎಂದು ಆಮೇಲೆ ಓದಿದೆ. ಗಿಟಾರಿನ ಅಂಚಿಗೂ ಇಂಥದೇ ಪಟ್ಟಿ, ಇಂಥದೇ ಹಳ್ಳ. ಅದರ ಪಕ್ಕ ನೆಟ್ಟಗಿರುವುದರಿಂದ ಅಲ್ಲಿ ರೌಟರ್ ನಡೆಯುತ್ತದೆ. ಆದರೆ ಮೇಲ್ಹಲಗೆ ಉಬ್ಬಿರುವುದರಿಂದ ಮಶೀನು ವಾಲದಂತೆ ಹಿಡಿಯುವ ಚೌಕಟ್ಟು ಕಟ್ಟಿಕೊಳ್ಳುತ್ತಾರೆ. ಕೈಗೆರೆ, ಉಳಿಗಳನ್ನೇ ನಂಬಿದವರು ಅಲ್ಲೂ ಇದ್ದಾರೆ.

ಹಳೆಯ ಪಟ್ಟಿಯ ತುಂಡನ್ನು ಕಾರೀಗರರು ಅರದಿಂದ ಉಜ್ಜಿ ನನ್ನ ಮೂಗಿಗೆ ಹಿಡಿದರು. ಕರ್ಪೂರದ ವಾಸನೆ! "ದಂತ ಅಲ್ಲ, ಸೆಲ್ಯುಲಾಯ್ಡ್," ಎಂದು ನಕ್ಕರು. ಅಮೇರಿಕದಲ್ಲಿ 1870ರ ಸುಮಾರಿಗೆ ದಂತದ ಬದಲಿಗೆಂದು ಕರ್ಪೂರ ಬೆರೆಸಿ ಮಾಡಿದ ವಸ್ತು ಅದು. ನಮ್ಮ ಹಳೆಯ ಬಾಚಣಿಗೆ, ಬಳೆಗಳೂ ಅದರವೇ. ನಮ್ಮ ದೇಶದಲ್ಲಿ ಆನೆದಂತದ ವ್ಯಾಪಾರ 1986ರ ಕಾಯದೆ ತಿದ್ದುಪಡಿಯಿಂದ ನಿಂತಿತು, 1991ರಲ್ಲಿ ಹೊರದೇಶದ ದಂತಕ್ಕೂ ನಿಷೇಧ ಬಂತು. ಈಗ ಪಟ್ಟಿಗಳು ಪ್ಲಾಸ್ಟಿಕ್ಕಿನವು. ಆ ಊರಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತೆಂದು ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಆ ಕರ್ಪೂರದ ವಾಸನೆಯೇ.

ಹಾರಿದ ಚಕ್ಕೆಯ ಜಾಗಕ್ಕೆ ಅದೇ ಜಾತಿಯ ಹಳೆ ಕಟ್ಟಿಗೆ ಹುಡುಕಿ ಕೂರಿಸಿ, ದಡಿ ಕಟ್ಟಿ, ಜವಾರಿ ತೆಗೆದು ಕೊಟ್ಟರು. ನಾವು ಜೋಳಕ್ಕೆ, ಬದನೆಕಾಯಿಗೆ ಜವಾರಿ ಎನ್ನುತ್ತೇವೆ. ಅವರು ತಂತಿಯ ಝೇಂಕಾರಕ್ಕೆ.

ಅವ್ವನ ಮುಂದೆ ತಂಬೂರಿ ಇಟ್ಟೆ. ದಂತದ ಸಂಗತಿ ಹೇಳಿದಾಗ "ಅಪ್ಪಗ ಯಾರೋ ಟೋಪಿ ಹಾಕ್ಯಾರ ನೋಡು" ಎಂದು ಬೊಚ್ಚುಬಾಯಿ ತುಂಬ ನಕ್ಕಳು. ಅವಳಿಗೆ ಈಗ ಕಣ್ಣು ಮಂದ. ಸೀರೆಯ ದಡಿ ನೋಡುವಂತೆ ತಬಲಿಯ ಅಂಚಿನ ಮೇಲೆ ಬೆರಳಾಡಿಸುತ್ತ ಹೋದವಳು ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ ಏನೋ ಆಗಿತ್ತಲ್ಲ?"

ನಾನು ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡು, "ಬಾಗಿಲಾ ಮುಚ್ಚಬ್ಯಾಡ, ತೆರದ ಇರಲಿ" ಎಂದು ಷಡ್ಜ ಮೀಟಿದಳು.