ಟ್ರೇಲರ್ ಎಳೆಯುವ ಹಳೆಯ ಟ್ರ್ಯಾಕ್ಟರ್: ಇಟ್ಟುಕೊಳ್ಳುವುದೋ, ಬದಲಿಸುವುದೋ?

ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ಹಳೆಯ ಟ್ರ್ಯಾಕ್ಟರ್‌ಗಳು ಇನ್ನೂ ದುಡಿಯುತ್ತಿವೆ. ಮುಂಗಾರಿಗೆ ಮುಂಚೆ ರಂಟೆ, ಕುಂಟೆ. ಸುಗ್ಗಿಯಲ್ಲಿ ತೊಗರಿ, ಜೋಳದ ಚೀಲ. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದರೆ ಕಬ್ಬಿನ ಟ್ರೇಲರ್. ಊರಿನ ಮೇಸ್ತ್ರಿಗೆ ಇವುಗಳ ಒಂದೊಂದು ನಟ್ಟೂ ಗೊತ್ತು. ಸಾಲ ಎಂದೋ ತೀರಿದೆ. ಆದರೂ ಪಾಡವಾ, ದಸರೆ ಹತ್ತಿರ ಬಂದಾಗ ಮನೆಯಲ್ಲಿ ಅದೇ ಮಾತು ಏಳುತ್ತದೆ. ಹೊಸದು ತರೋಣ ಎಂದು ಮಗ, ಇದಕ್ಕೇನಾಗಿದೆ ಎಂದು ಅಪ್ಪ.

ಇಬ್ಬರ ಮಾತಿನಲ್ಲೂ ಹುರುಳಿದೆ. ಹೊಸ ಟ್ರ್ಯಾಕ್ಟರ್ ಎಂದರೆ ಲಕ್ಷಗಟ್ಟಲೆ ಸಾಲ, ಅದಕ್ಕೆ ಎಷ್ಟೋ ಸಲ ಹೊಲವೇ ಒತ್ತೆ. ಹಳೆಯದನ್ನೇ ನೂಕಿಕೊಂಡು ಹೋದರೆ ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಹಿಂದಿನಿಂದ ತಳ್ಳುವಾಗ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂಬ ಭಯ. ಟ್ರ್ಯಾಕ್ಟರ್‌ನ ವಯಸ್ಸು ಎಷ್ಟು ಎಂಬುದರಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ, ಎಳೆದದ್ದನ್ನು ನಿಲ್ಲಿಸುತ್ತದೆಯೇ, ಕಾಗದ ಸರಿ ಇದೆಯೇ ಎಂಬ ಮೂರು ಸಂಗತಿ ನೋಡಬೇಕು.

ಹತ್ತು ವರ್ಷಕ್ಕೆ ಗುಜರಿ ಎಂಬ ಸುದ್ದಿ

ಹತ್ತು ವರ್ಷ ದಾಟಿದ ಟ್ರ್ಯಾಕ್ಟರನ್ನು ಸರ್ಕಾರ ಕಡ್ಡಾಯವಾಗಿ ಗುಜರಿಗೆ ಹಾಕಿಸುತ್ತದೆ ಎಂಬ ಸುದ್ದಿ ಮೊಬೈಲ್‌ಗಳಲ್ಲಿ ಬಹಳ ಓಡಾಡಿತು. ಅದು ಸುಳ್ಳು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ 2023ರಲ್ಲಿ ಹೇಳಿದೆ. ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನಗಳ ಸಾಲಿಗೆ ಸೇರುತ್ತದೆ. ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬಹುದು. ಹತ್ತು ವರ್ಷದ ಡೀಸೆಲ್ ವಾಹನಗಳ ಬಗ್ಗೆ ಕೇಳಿಬರುವ ನಿರ್ಬಂಧ ದೆಹಲಿ ಸುತ್ತಲಿನ ಪ್ರದೇಶದ್ದು, ನಮ್ಮ ಕಡೆಯದಲ್ಲ. ಈ ಸುದ್ದಿಗೆ ಹೆದರಿ ಒಳ್ಳೆಯ ಗಾಡಿಯನ್ನು ಕಡಿಮೆ ಬೆಲೆಗೆ ಕೊಟ್ಟುಬಿಡಬೇಡಿ.

ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಹಾಕಬೇಕು. ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. 15 ವರ್ಷ ದಾಟಿದ ವಾಹನಗಳ ಶುಲ್ಕ 2022ರ ಏಪ್ರಿಲ್‌ನಿಂದ ಏರಿದೆ. ಏರಿದರೂ ಹೊಸ ಟ್ರ್ಯಾಕ್ಟರ್‌ನ ಒಂದು ಕಂತಿನ ಮುಂದೆ ಅದು ಸಣ್ಣ ಮೊತ್ತವೇ.

ಗಂಟೆಯ ಲೆಕ್ಕ

ಕೃಷಿ ಎಂಜಿನಿಯರಿಂಗ್ ಪಠ್ಯಗಳಲ್ಲಿ ಟ್ರ್ಯಾಕ್ಟರ್‌ನ ಆಯುಷ್ಯವನ್ನು 10 ವರ್ಷ, ವರ್ಷಕ್ಕೆ 1,000 ಗಂಟೆ ಎಂದು ಹಿಡಿಯುತ್ತಾರೆ. ಅಂದರೆ 10,000 ಗಂಟೆ. ಸ್ವಂತ ಹತ್ತು ಹನ್ನೆರಡು ಎಕರೆ ಉತ್ತು, ಅಕ್ಕಪಕ್ಕದವರ ಹೊಲಕ್ಕೆ ನಾಲ್ಕು ದಿನ ಹೋಗುವ ಗಾಡಿ ಅಷ್ಟು ಓಡುವುದೇ ಇಲ್ಲ. ಹಾಗಾಗಿ ಇಪ್ಪತ್ತು ವರ್ಷವಾದರೂ ಅದರ ಎಂಜಿನ್ ಅರ್ಧ ಆಯುಷ್ಯದಲ್ಲೇ ಇರಬಹುದು. ಕಾರ್ಖಾನೆಗೆ ಹಗಲಿರುಳು ಕಬ್ಬು ಹೊಡೆಯುವ ಗಾಡಿ ಏಳೆಂಟು ವರ್ಷಕ್ಕೇ ಮುದಿಯಾಗಿರಬಹುದು.

ಹಳೆಯ ಗಾಡಿಗಳಲ್ಲಿ ಗಂಟೆಯ ಮೀಟರ್ ಕೆಟ್ಟು ಎಷ್ಟು ಕಾಲವಾಯಿತೋ! ಪರವಾಗಿಲ್ಲ, ಡೀಸೆಲ್‌ನಿಂದಲೇ ತಿಳಿಯಬಹುದು. ಟ್ಯಾಂಕ್ ಗಂಟಲಿನವರೆಗೆ ತುಂಬಿಸಿ, ಗಡಿಯಾರ ನೋಡಿ ನಾಲ್ಕು ಗಂಟೆ ಎಂದಿನ ಕೆಲಸ ಮಾಡಿ. ಗಾಡಿಯನ್ನು ಮತ್ತೆ ಅದೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅಳತೆಯ ಡಬ್ಬಿಯಿಂದ ತುಂಬಿ. ಎಷ್ಟು ಹಿಡಿಯಿತೋ ಅದನ್ನು ನಾಲ್ಕರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕುಡಿಯುತ್ತದೆ ಎಂದು ಗೊತ್ತಾಯಿತು. ವರ್ಷದ ಡೀಸೆಲ್ ಚೀಟಿಗಳನ್ನು ಕೂಡಿಸಿ ಇದರಿಂದ ಭಾಗಿಸಿದರೆ ವರ್ಷದ ಗಂಟೆ ಸಿಗುತ್ತದೆ.

ಈಗ ಒಂದು ಉದಾಹರಣೆ. ಹಳೆಯದನ್ನು ಕೊಟ್ಟು, ಮೇಲೆ 6 ಲಕ್ಷ ಸಾಲ ಮಾಡಿ ಹೊಸದು ತಂದಿರಿ ಎನ್ನೋಣ. ಬಡ್ಡಿ ಶೇ. 12, ಐದು ವರ್ಷ, ಆರು ತಿಂಗಳಿಗೊಂದು ಕಂತು. ಪ್ರತಿ ಕಂತು ಸುಮಾರು 81,500 ರೂಪಾಯಿ, ವರ್ಷಕ್ಕೆ 1,63,000. ಐದು ವರ್ಷದಲ್ಲಿ ಬಡ್ಡಿಯೇ 2,15,000 ಆಗುತ್ತದೆ.

ಇದರ ಎದುರು ಉಳಿತಾಯವನ್ನು ಇಡಿ. ಹೊಸದು ಗಂಟೆಗೆ ಒಂದು ಲೀಟರ್ ಕಡಿಮೆ ಕುಡಿಯುತ್ತದೆ, ಡೀಸೆಲ್ 90 ರೂಪಾಯಿ ಎಂದು ಹಿಡಿಯೋಣ. ಗಡಿಯ ಎರಡು ಕಡೆ ಬೆಲೆ ಬೇರೆ, ನೀವು ಹಾಕಿಸುವ ಬಂಕಿನ ಬೆಲೆಯನ್ನೇ ಹಿಡಿಯಿರಿ. ವರ್ಷಕ್ಕೆ 500 ಗಂಟೆ ಓಡಿದರೆ 45,000 ಉಳಿಯಿತು. ಹಳೆಯದಕ್ಕೆ ವರ್ಷಕ್ಕೆ 60,000 ರಿಪೇರಿ ಬರುತ್ತಿದ್ದು ಹೊಸದರ ಸರ್ವಿಸ್‌ಗೆ 15,000 ಸಾಕು ಎಂದರೆ ಅಲ್ಲಿ ಇನ್ನೊಂದು 45,000. ಒಟ್ಟು 90,000. ಕಂತು ಮಾತ್ರ 1,63,000. ವರ್ಷಕ್ಕೆ 73,000 ಕೈಯಿಂದ ಹಾಕಬೇಕು. ಐದು ವರ್ಷವಾದ ಮೇಲೂ ಹೊಸ ಗಾಡಿಗೆ ಒಳ್ಳೆಯ ಬೆಲೆ ಇರುತ್ತದೆ, ಅದು ನಿಜ. ಆದರೆ ಕಂತಿನ ದಿನ ಆ ಬೆಲೆಯನ್ನು ಬ್ಯಾಂಕಿಗೆ ಕಟ್ಟಲಾಗದು.

ಅದೇ ಗಾಡಿ 1,000 ಗಂಟೆ ಓಡುತ್ತಿದ್ದರೆ ಡೀಸೆಲ್‌ನಲ್ಲೇ 90,000 ಉಳಿಯುತ್ತದೆ. ಹಳೆಯದರ ರಿಪೇರಿಯೂ ಏರಿ ಲಕ್ಷ ಮುಟ್ಟುತ್ತದೆ. ಹೊಸದಕ್ಕೆ 25,000 ತೆಗೆದರೂ 75,000 ಉಳಿತಾಯ. ಒಟ್ಟು 1,65,000, ಕಂತಿಗೆ ಸರಿಹೋಯಿತು. ಇವೆಲ್ಲ ಲೆಕ್ಕ ತೋರಿಸಲು ಇಟ್ಟ ಅಂಕಿಗಳು. ನಿಮ್ಮ ಚೀಟಿಗಳ ಅಂಕಿ ಹಾಕಿ ಮನೆಯವರೆಲ್ಲ ಕೂತು ಒಮ್ಮೆ ಮಾಡಿ ನೋಡಿ.

ಹಂಗಾಮಿನಲ್ಲಿ ನಿಂತುಹೋದ ದಿನಗಳನ್ನು ಬೇರೆಯಾಗಿ ಬರೆದುಕೊಳ್ಳಿ. ಜೂನ್‌ನಲ್ಲಿ ಹದ ಬಂದಾಗ ಮೂರು ದಿನ ಗಾಡಿ ಮೇಸ್ತ್ರಿಯ ಬಳಿ ಕೂತರೆ ಬಿತ್ತನೆ ಹಿಂದೆ ಬೀಳುತ್ತದೆ. ಕಬ್ಬು ಕಡಿಯುವ ತಂಡಕ್ಕೆ ಮುಂಗಡ ಕೊಟ್ಟವರಿಗೆ ಗಾಡಿ ನಿಂತ ದಿನವೂ ಆಳು ಕೂತೇ ಇರುತ್ತಾರೆ. ಬೇಸಿಗೆಯಲ್ಲಿ ನಿಂತ ಹತ್ತು ದಿನ ಅಷ್ಟು ಬಾಧಿಸದು, ಹಂಗಾಮಿನ ಎರಡು ದಿನ ಬಾಧಿಸುತ್ತದೆ.

ಎಂಜಿನ್‌ಗಿಂತ ಬ್ರೇಕ್ ಮೊದಲು

ಹಳೆಯ ಟ್ರ್ಯಾಕ್ಟರ್ ಎಂದರೆ ಎಲ್ಲರೂ ಎಂಜಿನ್ ನೋಡುತ್ತಾರೆ. ನೋಡಲಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಎಳೆಯುವಾಗ ಕರಿ ಹೊಗೆ ದಟ್ಟವಾದರೆ ನಾಝಲ್, ಪಂಪ್ ಅಥವಾ ಏರ್ ಕ್ಲೀನರ್ ಕಡೆ ಗಮನ ಬೇಕು. ಬ್ರೀದರ್ ಕೊಳವೆಯಿಂದ ಪುಸುಪುಸು ಹೊಗೆ ಬಂದರೆ ಲೈನರ್, ಪಿಸ್ಟನ್, ರಿಂಗ್ ಸವೆದಿವೆ. ಇವೆಲ್ಲ ದುಡ್ಡಿನಿಂದ ಸರಿಹೋಗುವ ದೋಷಗಳು. ಒಮ್ಮೆ ಎಂಜಿನ್ ಬಿಚ್ಚಿ ಕೆಲಸ ಮಾಡಿಸಿದರೆ ಹೊಸದರ ಬೆಲೆಯ ಸಣ್ಣ ಪಾಲಿನಲ್ಲಿ ಇನ್ನಷ್ಟು ವರ್ಷ ಓಡುತ್ತದೆ.

ಟ್ರೇಲರ್ ಕಟ್ಟುವವರು ಮೊದಲು ನೋಡಬೇಕಾದದ್ದು ಬ್ರೇಕ್. 35 ಎಚ್‌ಪಿ ಟ್ರ್ಯಾಕ್ಟರ್‌ನ ತೂಕ ಎರಡು ಟನ್ನಿನ ಆಸುಪಾಸು. ಹಿಂದೆ ಕಟ್ಟಿದ ಕಬ್ಬು ಅದರ ಹಲವು ಪಟ್ಟು. ಕೆಳ ಗೇರಿನಲ್ಲಿ ಹಳೆಯ ಎಂಜಿನ್ ಕೂಡ ಅದನ್ನು ಎಳೆದುಬಿಡುತ್ತದೆ. ನಿಲ್ಲಿಸುವ ಹೊತ್ತಿಗೆ ಆ ತೂಕವೆಲ್ಲ ಟ್ರ್ಯಾಕ್ಟರ್‌ನ ಎರಡು ಹಿಂದಿನ ಚಕ್ರಗಳ ಬ್ರೇಕ್ ಮೇಲೆ ಬೀಳುತ್ತದೆ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅದು ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳಿ ಅಡ್ಡ ತಿರುಗಿಸುತ್ತದೆ.

ಟ್ರ್ಯಾಕ್ಟರ್‌ಗೆ ಎರಡು ಬ್ರೇಕ್ ಪೆಡಲ್. ಹೊಲದಲ್ಲಿ ತಿರುಗಿಸಲು ಒಂದೊಂದನ್ನೇ ಒತ್ತುತ್ತೇವೆ. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಪಟ್ಟಿಯನ್ನು ಹಾಕಬೇಕು. ಹಳೆಯ ಗಾಡಿಗಳಲ್ಲಿ ಈ ಪಟ್ಟಿ ಬಿದ್ದುಹೋಗಿರುವುದು ಅಥವಾ ತುಕ್ಕು ಹಿಡಿದು ಕೂತಿರುವುದು ಸಾಮಾನ್ಯ. ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಒಂದೇ ಚಕ್ರ ನಿಂತು ಗಾಡಿ ಪಕ್ಕಕ್ಕೆ ಎಳೆಯುತ್ತದೆ, ಪಲ್ಟಿಯೂ ಆಗಬಹುದು. ಖಾಲಿ ರಸ್ತೆಯಲ್ಲಿ, ಟ್ರೇಲರ್ ಇಲ್ಲದೆ, ಪಟ್ಟಿ ಹಾಕಿ ಒತ್ತಿ ನೋಡಿ. ಮಣ್ಣಿನ ಮೇಲೆ ಎರಡೂ ಚಕ್ರದ ಗುರುತು ಒಂದೇ ಉದ್ದ ಬರಬೇಕು. ಒಂದು ಕಡೆ ಉದ್ದ ಬಂದರೆ ಹೊಂದಿಸಬೇಕು. ಹೊಂದಿಸಿದರೂ ಸರಿಹೋಗದಿದ್ದರೆ ಆಯಿಲ್ ಸೀಲ್ ಹೋಗಿ ಲೈನಿಂಗ್‌ಗೆ ಎಣ್ಣೆ ಇಳಿದಿರಬಹುದು. ಈಗಿನ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್ ಇರುತ್ತದೆ. ಕೆಸರು, ನೀರಿಗೆ ಅದು ಜಗ್ಗುವುದಿಲ್ಲ. ನನ್ನ ಕೇಳಿದರೆ, ಹೊಸದರಲ್ಲಿ ದುಡ್ಡು ಕೊಡಲು ತಕ್ಕ ಬದಲಾವಣೆ ಇದೇ. ಮೇಲಿನ ಚಾವಣಿ, ಪಾಟಿನ ಸೀಟು ಆಮೇಲಿನ ಮಾತು.

ಸ್ಟೀರಿಂಗ್ ಎಷ್ಟು ತಿರುಗಿದ ಮೇಲೆ ಚಕ್ರ ಅಲುಗುತ್ತದೆ, ಮುಂದಿನ ಚಕ್ರ ಜ್ಯಾಕ್ ಮೇಲೆ ಎತ್ತಿದಾಗ ಆಡುತ್ತದೆಯೇ ನೋಡಿ. ಟ್ರೇಲರನ್ನು ಯಾವಾಗಲೂ ಕೆಳಗಿನ ಹುಕ್ಕಿಗೇ ಕಟ್ಟಬೇಕು. ಎತ್ತರಕ್ಕೆ ಕಟ್ಟಿದರೆ ಏರಿನಲ್ಲಿ ಮುಂಗಾಲು ಎತ್ತುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಾಳಿ ಹೊಸ ಗಾಡಿಯಲ್ಲೂ ಪ್ರಾಣ ತೆಗೆಯುತ್ತದೆ.

ತಾಳವಾಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಚಾಮರಾಜನಗರದ ಕಡೆಗೆ ಮಾಲು ಒಯ್ಯುವ ಹಳೆಯ ಗಾಡಿಯನ್ನು 27 ಕಡಿದಾದ ತಿರುವುಗಳ ದಿಂಬಂ ಘಾಟಿಯಲ್ಲಿ ಸತ್ಯಮಂಗಲದತ್ತ ಇಳಿಸುವ ಧೈರ್ಯ ಯಾರಿಗೂ ಬಾರದು. ಆದವಾನಿಯ ಹತ್ತಿ ಮಾರುಕಟ್ಟೆಗೆ ಬಯಲಿನಲ್ಲಿ ಹೋಗುವ ಗಾಡಿಗೆ ಆ ಪರೀಕ್ಷೆ ಇಲ್ಲ. ನಿಮ್ಮ ದಾರಿ ನೋಡಿಯೇ ನಿರ್ಧರಿಸಿ.

ಬಿಡಿಭಾಗ ಮತ್ತು ಹೊಸ ಎಂಜಿನ್

ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಗಾಡಿ ಇರುವವರು ಬೇರೆಯವರು ತಯಾರಿಸಿದ ಬಿಡಿಭಾಗಗಳನ್ನೇ ನೆಚ್ಚಬೇಕು. ಮಹೀಂದ್ರ, ಮ್ಯಾಸಿ ಫರ್ಗುಸನ್‌ನಂಥ ಗಾಡಿಗಳ ಮಾತು ಬೇರೆ, ಆ ಕಂಪನಿಗಳು ಇನ್ನೂ ಟ್ರ್ಯಾಕ್ಟರ್ ತಯಾರಿಸುತ್ತಿವೆ. ಗೇರ್‌ಬಾಕ್ಸ್ ಭಾಗಕ್ಕಾಗಿ ಎರಡು ಮೂರು ಊರು ಸುತ್ತಬೇಕಾಗಿ ಬಂದರೆ ಅದನ್ನೊಂದು ಎಚ್ಚರಿಕೆ ಎಂದುಕೊಳ್ಳಿ.

ಹೊಸದರಲ್ಲಿ ಒಂದು ಗೆರೆ ನೆನಪಿಡಿ: 50 ಎಚ್‌ಪಿ. ಅದಕ್ಕಿಂತ ಹೆಚ್ಚಿನ ಶಕ್ತಿಯ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಗೆಯ ಬಿಗಿ ನಿಯಮ ಬಂದಿದೆ. ಅದಕ್ಕಾಗಿ ಎಲೆಕ್ಟ್ರಾನಿಕ್ ನಿಯಂತ್ರಣದ ಡೀಸೆಲ್ ಪಂಪ್, ಸೆನ್ಸರ್‌ಗಳು ಸೇರಿವೆ. ಊರಿನ ಮೇಸ್ತ್ರಿಯ ಸ್ಪ್ಯಾನರ್ ಅಲ್ಲಿ ನಡೆಯದು, ಕಂಪನಿಯವರೇ ಕಂಪ್ಯೂಟರ್ ಹಚ್ಚಿ ನೋಡಬೇಕು. ಸರ್ವಿಸ್ ಕೇಂದ್ರ ದೂರ ಇದ್ದವರು ಇದನ್ನು ಕೊಳ್ಳುವ ಮುಂಚೆ ಯೋಚಿಸಲಿ.

ಬೆಲೆಯ ಕಡೆಯಿಂದ ಒಂದು ಅನುಕೂಲ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರ್ ಮತ್ತು ಬಿಡಿಭಾಗಗಳ ಮೇಲಿನದು 18ರಿಂದ 5ಕ್ಕೆ ಇಳಿಯಿತು. ಹೊಸದು ಅಗ್ಗವಾಯಿತು ಎಂದು ಎಲ್ಲರೂ ಹೇಳಿದರು. ಹಳೆಯದನ್ನು ಇಟ್ಟುಕೊಳ್ಳುವುದೂ ಅಗ್ಗವಾಯಿತು ಎಂದು ಯಾವ ಶೋರೂಮಿನವರೂ ಹೇಳಲಿಲ್ಲ!

ಗಡಿ ದಾಟಿ ಕೊಂಡರೆ

ನಮ್ಮಲ್ಲಿ ಮೂರನೇ ದಾರಿಯೂ ಇದೆ. ವಿಜಯಪುರ, ಕಲಬುರಗಿ ಕಡೆಯಿಂದ ನಾಲ್ಕೈದು ವರ್ಷದ ಸೆಕೆಂಡ್ ಹ್ಯಾಂಡ್ ಗಾಡಿ ತರುವುದು. ಬಂಧುಗಳು ಆ ಕಡೆ ಇರುವುದರಿಂದ ನಂಬಿಕೆಯ ಮೇಲೆ ವ್ಯವಹಾರ ಮುಗಿಯುತ್ತದೆ, ಕಾಗದ ಮುಗಿಯುವುದಿಲ್ಲ. ಕೆಎ 28 ಅಥವಾ ಕೆಎ 32 ನಂಬರಿನ ಟ್ರ್ಯಾಕ್ಟರ್ ಸೋಲಾಪುರ ಜಿಲ್ಲೆಗೆ ಬಂದು ನೆಲೆಸಿದರೆ 12 ತಿಂಗಳಿಗಿಂತ ಹೆಚ್ಚು ಅದೇ ನಂಬರಿನಲ್ಲಿ ಇಡುವಂತಿಲ್ಲ. ಇಲ್ಲಿನ ಎಂಎಚ್ 13 ಸಾಲಿನ ನಂಬರ್ ಪಡೆಯಬೇಕು. ಕಾಸರಗೋಡಿಗೆ ಬಂದರೆ ಕೆಎಲ್ 14. ತೆಲಂಗಾಣದ ಹಳೆಯ ಗಾಡಿಗಳಲ್ಲಿ ಎಪಿ, ಟಿಎಸ್ ಎರಡೂ ಕಾಣುತ್ತವೆ, 2024ರಿಂದ ಹೊಸವಕ್ಕೆ ಟಿಜಿ.

ದುಡ್ಡು ಕೊಡುವ ಮುಂಚೆ ಮಾರುವವರ ಆರ್‌ಟಿಓದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಮಾಲೀಕತ್ವ ಬದಲಿಗೆ ನಮೂನೆ 29 ಮತ್ತು 30, ಸಾಲ ಇದ್ದ ಗಾಡಿಯಾದರೆ ಅದು ತೀರಿದೆ ಎಂಬುದಕ್ಕೆ ನಮೂನೆ 35, ಹೊಸ ನಂಬರಿಗೆ ನಮೂನೆ 27. ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಮಾರುವವರು ಎಷ್ಟು ಹತ್ತಿರದವರಾದರೂ ತಡೆಯಿರಿ. ಎಂಜಿನ್ ನಂಬರ್, ಚಾಸಿ ನಂಬರನ್ನು ಒರೆಸಿ, ಕಣ್ಣಾರೆ ನೋಡಿ ಆರ್‌ಸಿಗೆ ಹೋಲಿಸಿ. ಟ್ರೇಲರ್ ಕಾನೂನಿನ ಕಣ್ಣಿಗೆ ಬೇರೆ ವಾಹನ. ಅದಕ್ಕೂ ನೋಂದಣಿ ಬೇಕು, ವಿಮಾ ಪಾಲಿಸಿಯಲ್ಲಿ ಅದರ ಹೆಸರೂ ಇರಬೇಕು. ಕೃಷಿಗೆಂದು ವಿಮೆ ಮಾಡಿಸಿದ ಗಾಡಿಯಲ್ಲಿ ಬಾಡಿಗೆಗೆ ಇಟ್ಟಿಗೆ, ಮರಳು ಹೊಡೆದು ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತುವ ಸಾಧ್ಯತೆ ಹೆಚ್ಚು.

ಸಹಾಯಧನ ಕೇಳುವವರು ಇನ್ನೊಂದು ಗಮನಿಸಬೇಕು. ಎರಡೂ ರಾಜ್ಯದಲ್ಲಿ ಹೊಲ ಇದ್ದರೂ ಅರ್ಜಿ ಹೋಗುವುದು ಉತಾರ ಯಾವ ರಾಜ್ಯದ್ದೋ ಆ ರಾಜ್ಯಕ್ಕೆ. ಮಹಾರಾಷ್ಟ್ರದಲ್ಲಾದರೆ ಮಹಾಡಿಬಿಟಿ ಜಾಲತಾಣದ ಮೂಲಕ. ಹಣ ಬರುವ ಭರವಸೆಯ ಮೇಲೆ ಮೊದಲೇ ಗಾಡಿ ತಂದುಬಿಡಬೇಡಿ, ಮಂಜೂರಾತಿ ಪತ್ರ ಕೈಗೆ ಬರಲಿ.

ಕೊನೆಗೆ ಹಳೆಯದನ್ನು ಮಾರಲು ನಿರ್ಧರಿಸಿದರೆ ಕಬ್ಬಿನ ಹಂಗಾಮಿಗೆ ಮುಂಚೆ ಮಾರಿ, ಆಗ ಕೇಳುವವರು ಹೆಚ್ಚು. ಕೊಟ್ಟ ಮೇಲೆ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ. ಅದೇ ರಾಜ್ಯದವರಿಗೆ ಮಾರಿದರೆ 14 ದಿನದಲ್ಲಿ, ಬೇರೆ ರಾಜ್ಯದವರಿಗಾದರೆ 45 ದಿನದಲ್ಲಿ ಮಾರಿದವರೇ ಆರ್‌ಟಿಓಗೆ ತಿಳಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಕೈ ಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಕೊಂಡವರ ಗುರುತಿನ ಚೀಟಿಯ ಪ್ರತಿ, ದಿನಾಂಕ ಮತ್ತು ಗಂಟೆ ಬರೆದ ಒಪ್ಪಿಸಿದ ರಸೀದಿ, ಆರ್‌ಟಿಓ ಸ್ವೀಕೃತಿ ಈ ಮೂರನ್ನೂ ಹೊಲದ ಕಾಗದಗಳ ಜೊತೆಗೇ ಇಡಿ.